ಕಣ್ಣು ಕತ್ತಲಿಗೆ ಒಗ್ಗುವ ತನಕ



ದಾಂಡೇಲಿ ಹತ್ತಿರದ ಕುಳಗಿಯಲ್ಲಿ ನಿಸರ್ಗ ಶಿಬಿರವಿದೆ. ಸುತ್ತಲೂ ಕಾಳಿ ಕಣಿವೆಯ ದೊಡ್ಡ ಕಾಡು. ಒಮ್ಮೆ ಮಳೆಗಾಲದ ಕೊನೆಗೆ ಅಲ್ಲಿನ ಡೇರೆಯಲ್ಲಿ ಉಳಿದಿದ್ದೆವು. ಊಟ ಮುಗಿದ ಮೇಲೆ ಎಲ್ಲರ ಕೈಯಲ್ಲೂ ಟಾರ್ಚು. ಬೆಳಕು ಬಿದ್ದಷ್ಟೇ ಕಾಡು. ಅದರಾಚೆ ಬರೀ ಕಪ್ಪು, ಬರೀ ಭಯ.

ಜೊತೆಗಿದ್ದ ಕಾವಲುಗಾರರು ಹೇಳಿದರು: "ಟಾರ್ಚ್ ಬಂದ್ ಮಾಡಿ ಸ್ವಲ್ಪ ಹೊತ್ತು ಸುಮ್ಮನೆ ಕೂಡ್ರಿ ಸರ್."

ಕೂತೆವು. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು. ಮೊದಲು ಆಕಾಶ ಕಂಡಿತು. ಆಮೇಲೆ ತೇಗದ ಎಲೆಗಳ ಅಂಚು. ಕೊನೆಗೆ, ಬಿದ್ದ ಮರದ ಕೊಳೆತ ತೊಗಟೆಯ ಮೇಲೆ ತಿಳಿ ಹಸಿರು ಮಿನುಗು. ಮಳೆಗಾಲಕ್ಕೆ ಪಶ್ಚಿಮ ಘಟ್ಟದಲ್ಲಿ ಹೀಗೆ ಬೆಳಗುವ ಶಿಲೀಂಧ್ರಗಳುಂಟು. ಅಷ್ಟು ಹೊತ್ತೂ ಅದು ನಮ್ಮ ಕಾಲ ಬಳಿಯೇ ಇತ್ತು. ಅದನ್ನು ಮರೆಮಾಡಿದ್ದು ನಮ್ಮ ಟಾರ್ಚೇ!

ಕಷ್ಟ ಬಂದಾಗಲೂ ನಾವು ಗಾಬರಿಯಿಂದ ಅತ್ತಿತ್ತ ಬೆಳಕು ಹಾಯಿಸುತ್ತೇವೆ. ತುಸು ಸುಮ್ಮನೆ ಕೂತರೆ ಹತ್ತಿರದ ದಾರಿಯೇ ಕಾಣಬಹುದು. ಇವತ್ತು ಯಾವುದಾದರೂ ಕತ್ತಲು ಎದುರಾದರೆ ಅರ್ಧ ಗಂಟೆ ತಾಳಿ. ಕಣ್ಣು ಒಗ್ಗಲಿ.