ಒಂದು ವಾಕ್ಯಕ್ಕೆ ಎರಡು ಕೊಂಡಿ

ಇಂಗ್ಲಿಷ್ ಪರೀಕ್ಷೆಯಲ್ಲಿ ಎರಡು ವಾಕ್ಯಗಳನ್ನು ಕೊಟ್ಟು ಒಂದುಗೂಡಿಸಿರೆಂದು ಕೇಳುವುದುಂಟು. ಆಗ ನಮ್ಮ ವಿದ್ಯಾರ್ಥಿಗಳು ‘ದೋ ಹಿ ಈಸ್ ಪೂರ್, ಬಟ್ ಹಿ ಈಸ್ ಆನೆಸ್ಟ್’ ಎಂದು ಬರೆಯುವುದನ್ನು ನಾವು ಕಂಡಿದ್ದೇವೆ. ಇದು ಅಜಾಗರೂಕತೆಯಲ್ಲ, ಮಾತೃಭಾಷೆಯ ಅಭ್ಯಾಸ. ‘ಬಡವನಾದರೂ ಪ್ರಾಮಾಣಿಕನು’ ಎಂಬಲ್ಲಿ ಕನ್ನಡದ ಕೊಂಡಿಯಾದ ‘ಆದರೂ’ ಎರಡು ಮಾತುಗಳ ನಡುವೆ ಇರುತ್ತದೆ. ಇಂಗ್ಲಿಷಿನ ‘ದೋ’ ತಲೆಯಲ್ಲಿಯೇ ನಿಂತುಬಿಡುವುದರಿಂದ ನಡುವಣ ಎಡೆ ಬರಿದಾಗಿ ತೋರಿ, ಅಲ್ಲಿಗೆ ‘ಬಟ್’ ಬಂದು ಸೇರುತ್ತದೆ. ಎರಡರಲ್ಲಿ ಒಂದೇ ಸಾಕು. ‘ಯೆಟ್’ ಮಾತ್ರ ‘ದೋ’ ಎಂಬುದರೊಡನೆ ನಿಲ್ಲಬಲ್ಲದು. ಅಲ್ಲಿ ಅದು ಕ್ರಿಯಾವಿಶೇಷಣ.

ಈ ತಪ್ಪಿನಿಂದ ಅಂಕ ಹೋದೀತು, ಅರ್ಥ ಕೆಡದು. ‘ಅನ್‌ಲೆಸ್’ ಹಾಗಲ್ಲ. ನಿಷೇಧವು ಆ ಪದದ ಹೊಟ್ಟೆಯಲ್ಲಿಯೇ ಇದೆ. ‘ಓದದಿದ್ದರೆ ಫೇಲಾಗುವೆ’ ಎಂಬುದನ್ನು ‘ಅನ್‌ಲೆಸ್ ಯು ಡು ನಾಟ್ ಸ್ಟಡಿ, ಯು ವಿಲ್ ಫೇಲ್’ ಎಂದು ಬರೆದರೆ, ಓದದವನೊಬ್ಬನೇ ಪಾರಾಗುವನೆಂದು ಹೇಳಿದಂತಾಯಿತು! ವಿದ್ಯಾರ್ಥಿಗಳಿಗೆ ಇದು ರುಚಿಸೀತು, ಪರೀಕ್ಷಕರಿಗಲ್ಲ. ‘ನಾಟ್’ ಬೇಕಾದರೆ ‘ಇಫ್’ ಬರೆಯಬೇಕು. ‘ಅನ್‌ಲೆಸ್’ ಬರೆದರೆ ‘ನಾಟ್’ ಬಿಡಬೇಕು.

‘ನೋ ಸೂನರ್’ ಬಂದಲ್ಲಿ ‘ವೆನ್’ ಅಲ್ಲ, ‘ದ್ಯಾನ್’. ‘ಸೂನರ್’ ಹೋಲಿಕೆಯ ಪದವಾದ್ದರಿಂದ ‘ಇಂತಹುದಕ್ಕಿಂತ’ ಎಂಬುದನ್ನು ಬೇಡುತ್ತದೆ. ‘ಹಾರ್ಡ್ಲಿ’ ಎಂಬುದಕ್ಕೆ ಆ ಹಂಗಿಲ್ಲ. ಅದಕ್ಕೆ ‘ವೆನ್’ ಸರಿ.