ಬ್ಯಾಕ್ಟೀರಿಯಾದ ರವಿಕೆ ಬಿಚ್ಚಿದ ವಿಜ್ಞಾನಿ



ನಾನು ಓದಿದ್ದು ಎಂ.ಟೆಕ್., ಕೆಲಸ ಸಾಫ್ಟ್‌ವೇರ್. ಜೀವಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೂ ಇವತ್ತು ನಮ್ಮ ಹೈದರಾಬಾದಿನ ಸಿಸಿಎಂಬಿಯ ಡಾ. ಮಂಜುಳಾ ರೆಡ್ಡಿ ಅವರ ಬಗ್ಗೆ ಹೇಳುತ್ತೇನೆ. ಜೀಡಿಮೆಟ್ಲಾದವರಿಗೆ ಔಷಧ ಕಾರ್ಖಾನೆಗಳು ಚೆನ್ನಾಗಿ ಗೊತ್ತು. ಔಷಧಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳನ್ನು ಕೇಳಿದವರು ಇವರು.

ಇ. ಕೋಲೈ ನಮ್ಮ ಕರುಳಿನಲ್ಲೇ ಇರುವ ಬ್ಯಾಕ್ಟೀರಿಯಾ. ಅನುಕೂಲವಿದ್ದರೆ ಸುಮಾರು 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ಅದಕ್ಕೆ ಕೊಬ್ಬಿನ ಒಂದು ಒಳಪೊರೆ, ಒಂದು ಹೊರಪೊರೆ. ನಡುವೆ ಪೆಪ್ಟಿಡೋಗ್ಲೈಕಾನ್ ಎಂಬ ಗಟ್ಟಿ ಬಲೆ. ಬಲೆ ಹರಿದರೆ ಜೀವಕೋಶ ಒಡೆದು ಸಾಯುತ್ತದೆ. ಪೆನಿಸಿಲಿನ್ ಏಟು ಕೊಡುವುದು ಇಲ್ಲಿಗೇ. ಹಾಗಾದರೆ ಬಲೆ ಹರಿಯದೆ ಅದು ಬೆಳೆಯುವುದು ಹೇಗೆ?

ಬಿಗಿಯಾದ ರವಿಕೆಯನ್ನು ನಾವು ಹೇಗೆ ಸಡಿಲಿಸುತ್ತೇವೆ? ಮೊದಲು ಹೊಲಿಗೆ ಬಿಚ್ಚಿ, ಆಮೇಲೆ ಬಟ್ಟೆ ಸೇರಿಸುತ್ತೇವೆ. ಬಲೆಯ ಹೊಲಿಗೆ ಬಿಚ್ಚುವ ಮೂರು ಕಿಣ್ವಗಳನ್ನು ಮಂಜುಳಾ ಅವರ ತಂಡ 2012ರಲ್ಲಿ ಗುರುತಿಸಿತು. ಒಂದು ಕೈಕೊಟ್ಟರೆ ಇನ್ನೊಂದು ನಿಭಾಯಿಸುತ್ತದೆ, ನಮ್ಮ ಬ್ಯಾಕಪ್ ಸರ್ವರ್‌ಗಳ ಹಾಗೆ. ಮೂರೂ ಇಲ್ಲದಿದ್ದರೆ ಬ್ಯಾಕ್ಟೀರಿಯಾಕ್ಕೆ ಉಳಿವಿಲ್ಲ.

ಬಲೆ ಮಾತ್ರ ಹಿಗ್ಗಿದರೆ ಸಾಲದು, ಪೊರೆಯ ಕೊಬ್ಬೂ ಜೊತೆಯಲ್ಲೇ ಬೆಳೆಯಬೇಕು. ಪೊರೆಯ ಫಾಸ್ಫೋಲಿಪಿಡ್ ತಯಾರಿಕೆಗೂ ಬಲೆಯ ಹಿಗ್ಗುವಿಕೆಗೂ ಒಳನಂಟಿದೆ, ಹೊಲಿಗೆ ಬಿಚ್ಚುವ ಒಂದು ಕಿಣ್ವವೇ ಅದರ ಕೊಂಡಿ ಎಂದು ಅವರ ಪ್ರಯೋಗಾಲಯ 2023ರಲ್ಲಿ ತೋರಿಸಿತು.

ಇದರಿಂದ ನಮಗೇನು? ಬೇರೆ ಆಂಟಿಬಯೋಟಿಕ್ ನಾಟದಾಗ ವೈದ್ಯರು ಕೊಡುವ ಕೊಲಿಸ್ಟಿನ್, ಹೊರಪೊರೆಯ ಕೊಬ್ಬನ್ನೇ ಹಿಡಿಯುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಆ ಕೊಬ್ಬಿನ ವಿದ್ಯುದಂಶ ಬದಲಿಸಿಕೊಂಡು ತಪ್ಪಿಸಿಕೊಳ್ಳುತ್ತವೆ. ಅದಕ್ಕೇ ಆಹಾರಕ್ಕಾಗಿ ಸಾಕುವ ಕೋಳಿ, ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿತು. ಹಳೆಯ ಔಷಧಗಳು ಸೋಲುತ್ತಿವೆ. ಹೊಸದಕ್ಕೆ ಹೊಸ ಗುರಿ ಬೇಕು. ಹೊಲಿಗೆ ಬಿಚ್ಚುವ ಕಿಣ್ವಗಳು ಅಂಥ ಗುರಿಯಾಗಬಲ್ಲವು.

ಅದೇ 2019ರಲ್ಲಿ ಮಂಜುಳಾ ಅವರಿಗೆ ಜೀವವಿಜ್ಞಾನದ ಇನ್ಫೋಸಿಸ್ ಪ್ರಶಸ್ತಿ ಬಂತು. ನಮ್ಮ ವೃತ್ತಿಯಲ್ಲಿ ಎರಡು ವಾರಕ್ಕೊಮ್ಮೆ ಫಲ ತೋರಿಸಬೇಕು. ಅವರು ಒಂದೇ ಪ್ರಶ್ನೆಯ ಬೆನ್ನು ಹತ್ತಿ ವರ್ಷಗಟ್ಟಲೆ ಕುಳಿತರು. ಮನೆಯ ಮಗಳು "ಸಂಶೋಧನೆ ಮಾಡ್ತೀನಿ" ಅಂದರೆ, "ಸಂಬಳ ಯಾವಾಗ?" ಎಂದು ಕೇಳುವ ಮೊದಲು "ನಿನ್ನ ಪ್ರಶ್ನೆ ಏನಮ್ಮಾ?" ಎಂದು ಕೇಳೋಣ. ಇನ್ನೊಂದು ಮಾತು: ವೈದ್ಯರು ಬರೆದುಕೊಡದೆ ಆಂಟಿಬಯೋಟಿಕ್ ತೆಗೆದುಕೊಳ್ಳುವುದು ಬೇಡ.