ಮೋರಿಯ ನೀರು, ಬೀದಿಯ ಕಸ

ಕೆಲವು ದಿನಗಳ ಹಿಂದೆ ಎಂಟನೆಯ ತರಗತಿಯ ಮಕ್ಕಳನ್ನು ಒಂದು ಪ್ರಶ್ನೆ ಕೇಳಿದೆ. ನಿಮ್ಮ ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ? "ಮೋರಿಗೆ" ಎಂದು ತರಗತಿಯೆಲ್ಲ ಒಂದೇ ಕಂಠದಲ್ಲಿ ಹೇಳಿತು. ಮೋರಿಯಿಂದ? "ಕೆರೆಗೆ" ಎಂದರು ನಾಲ್ಕೈದು ಮಂದಿ. ಪಾಯಿಖಾನೆಯದು? ಎಲ್ಲರೂ ನಕ್ಕರು. ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು "ಗುಂಡಿಗೆ ಸಾರ್" ಎಂದ. ಗುಂಡಿ ತುಂಬಿದ ಮೇಲೆ? ಅವನು ಕುಳಿತುಬಿಟ್ಟ. ಪಡಸಾಲೆಯಲ್ಲಿ ರೇಡಿಯೋ ಮುಂದೆ ಕುಳಿತಿರುವ ತಾವು ಅವನಿಗಿಂತ ಹೆಚ್ಚಿನ ಉತ್ತರವನ್ನು ಕೊಡಬಲ್ಲಿರಾ? ನನಗೂ ಅಂದು ತೋಚಲಿಲ್ಲ. ವ್ಯಾಕರಣದ ಪಾಠಕ್ಕೆ ಹಿಂದಿರುಗಿದೆ.

ನಮ್ಮ ಸಣ್ಣ ಪಟ್ಟಣಗಳಲ್ಲಿ ಒಳಚರಂಡಿ ಇಲ್ಲದ ಬೀದಿಗಳೇ ಬಹಳ. ಗುಂಡಿ ತುಂಬಿದಾಗ ಹೀರುವ ಲಾರಿಯವನನ್ನು ಕರೆಯುತ್ತೇವೆ. ಹಣ ಕೊಟ್ಟ ಮೇಲೆ ಲಾರಿ ಯಾವ ದಾರಿ ಹಿಡಿಯಿತೆಂದು ನೋಡುವವರಾರು? ಹೊಲವೋ, ಹಳ್ಳವೋ, ಊರಾಚೆಯ ಕೆರೆಯ ಅಂಗಳವೋ. ಇನ್ನೊಂದು ಕಡೆ ಪುರಸಭೆಯ ಗಾಡಿ ಕಸವನ್ನು ಒಯ್ದು ಬೇರೊಂದು ಬಯಲಿನಲ್ಲಿ ಸುರಿಯುತ್ತದೆ. ಮಳೆ ಬಂದಾಗ ಆ ರಾಶಿಯಿಂದ ಕಪ್ಪು ರಸ ಸೋರಿ ನೆಲಕ್ಕಿಳಿಯುತ್ತದೆ. ಕೊಳಚೆ ನೀರಿಗೊಂದು ಇಲಾಖೆ, ಕಸಕ್ಕೊಂದು ಇಲಾಖೆ. ನಾವು ಕುಡಿಯುವ ಕೊಳವೆಬಾವಿಯ ಹತ್ತಿರ ಮಾತ್ರ ಎರಡೂ ಒಂದಾಗುತ್ತವೆ.

ಇವೆರಡನ್ನೂ ಮೊದಲೇ ಒಂದೆಡೆ ಕೂಡಿಸಿ ಶುದ್ಧಿಮಾಡಬಾರದೇಕೆ? ಇದು ಬರಿಯ ಊಹೆಯಲ್ಲ. ದೇವನಹಳ್ಳಿ ತಮಗೆ ಗೊತ್ತು. ಟಿಪ್ಪು ಹುಟ್ಟಿದ ಊರು, ಚಕ್ಕೋತದ ಊರು, ಈಚೆಗೆ ವಿಮಾನನಿಲ್ದಾಣದ ಊರು. 2011ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 28 ಸಾವಿರ ಮಂದಿ. ಅಲ್ಲಿ 2015ರಲ್ಲಿ, ಗುಂಡಿಗಳಿಂದ ಬರುವ ಮಲದ ಕೆಸರನ್ನು ಶುದ್ಧಿಗೊಳಿಸುವ ಸ್ಥಾವರವೊಂದು ಆರಂಭವಾಯಿತು. ಇಡೀ ಪಟ್ಟಣಕ್ಕೆಂದು ಕಟ್ಟಿದ ಇಂಥ ಸ್ಥಾವರಗಳಲ್ಲಿ ನಮ್ಮ ದೇಶಕ್ಕೇ ಅದು ಮೊದಲನೆಯದೆಂದು ಹೆಸರಾಗಿದೆ. ದಿನಕ್ಕೆ 6 ಸಾವಿರ ಲೀಟರ್, ಎಂದರೆ ಒಂದೆರಡು ಲಾರಿಯಷ್ಟು ಕೆಸರಿಗೆ ಸಾಲುವಂತೆ ಅದನ್ನು ರಚಿಸಿದರು.

ಅದರ ಕ್ರಮ ಸರಳವಾದದ್ದು. ಲಾರಿ ಎತ್ತರದ ತೊಟ್ಟಿಗೆ ಸುರಿಯುತ್ತದೆ. ಅಲ್ಲಿಂದ ಇಳಿಜಾರಿನಲ್ಲಿ ತಾನೇ ಹರಿಯುತ್ತದೆ. ಗಾಳಿಯಾಡದ ಕೋಣೆಗಳಲ್ಲಿ ಸೂಕ್ಷ್ಮಜೀವಿಗಳು ಅದನ್ನು ಜೀರ್ಣಿಸುತ್ತವೆ. ಗಟ್ಟಿ ಭಾಗವನ್ನು ಮರಳು ಜಲ್ಲಿಯ ಪಾತಿಯ ಮೇಲೆ ಹರಡಿ ಒಣಗಿಸುತ್ತಾರೆ. ಬಸಿದ ನೀರು ಗಿಡ ನೆಟ್ಟ ಜಲ್ಲಿಯ ಹಾಸಿನೊಳಗೆ ಸೋಸಿ ಹೊರಬರುತ್ತದೆ. ಒಣಗಿದ ಕೆಸರನ್ನು ಊರಿನ ಹಸಿಕಸದೊಡನೆ ಬೆರೆಸಿ ಗೊಬ್ಬರ ಮಾಡುವ ಕೆಲಸವನ್ನೂ ಅಲ್ಲಿ ಜೋಡಿಸಿದರು.

ಈ ಬೆರಕೆಯಲ್ಲೇ ಜಾಣತನವಿರುವುದು. ಮಲದ ಕೆಸರಿನಲ್ಲಿ ಸಾರಜನಕ ಹೆಚ್ಚು. ತರಗೆಲೆ ಸಿಪ್ಪೆಗಳಲ್ಲಿ ಇಂಗಾಲ ಹೆಚ್ಚು. ಇಂಗಾಲವು ಸಾರಜನಕದ 25ರಿಂದ 30 ಪಾಲಿನಷ್ಟಿದ್ದರೆ ರಾಶಿ ಚೆನ್ನಾಗಿ ಕಾಯುತ್ತದೆ. 55 ಡಿಗ್ರಿಗೆ ಮೇಲೆ ಕೆಲವು ದಿನ ಕಾದರೆ ಜಂತುಹುಳುವಿನ ಮೊಟ್ಟೆ ಕೂಡ ಸಾಯುತ್ತದೆ. ಕಸದಿಂದ ಸೋರುವ ಕಪ್ಪು ರಸವನ್ನು ಶುದ್ಧಿಮಾಡಲು ನೀರಿನ ತೊಟ್ಟಿಗಳು ಪಕ್ಕದಲ್ಲೇ ಇರುತ್ತವೆ. ಒಂದರ ಹೊರೆ ಇನ್ನೊಂದಕ್ಕೆ ಆಹಾರ. ನಮ್ಮ ಹಿರಿಯರಿಗೆ ತಿಪ್ಪೆ ಅಸಹ್ಯದ ಮಾತಾಗಿರಲಿಲ್ಲ. ಹಂಬಲಿಸಿ ಪಡೆದ ಮಗನಿಗೆ ತಿಪ್ಪಣ್ಣ, ತಿಪ್ಪೇಸ್ವಾಮಿ ಎಂದು ಹೆಸರಿಟ್ಟರು. ಆದರೆ ಅವರ ತಿಪ್ಪೆಯಲ್ಲಿ ಗಾಜಿನ ಚೂರು, ಪ್ಲಾಸ್ಟಿಕ್ಕು, ಸತ್ತ ಬ್ಯಾಟರಿ ಇರಲಿಲ್ಲ. ಅವು ಬೆರೆತ ಗೊಬ್ಬರವನ್ನು ರೈತ ಪುಕ್ಕಟೆ ಕೊಟ್ಟರೂ ಮುಟ್ಟಲಾರ.

ಇನ್ನು ಹಣದ ಮಾತು. ಗೊಬ್ಬರ ಮಾರಿ ಸ್ಥಾವರದ ಖರ್ಚನ್ನೆಲ್ಲ ತೆಗೆಯಬಹುದೆಂದು ಹೇಳುವವರಿದ್ದಾರೆ. ನನಗೆ ನಂಬಿಕೆಯಿಲ್ಲ. ಮಗುವಿಗೆ ಬಾರದೆ ಹೋದ ವಾಂತಿಭೇದಿಯನ್ನು ಯಾವ ವ್ಯಾಪಾರಿ ಯಾವ ಲೆಕ್ಕದಲ್ಲಿ ಬರೆದುಕೊಂಡಾನು? ಆ ಲಾಭ ಊರಿಗೆಲ್ಲ ಸೇರಿದ್ದು; ಆದುದರಿಂದ ಖರ್ಚೂ ಊರಿನ ಬೊಕ್ಕಸದಿಂದಲೇ ಬರಬೇಕು. ದೇವನಹಳ್ಳಿಯ ಸ್ಥಾವರಕ್ಕೆ ಹೊರಗಿನ ದತ್ತಿಯ ಹಣ ದೊರೆಯಿತು. ಊರೂರಿಗೂ ದತ್ತಿ ಎಲ್ಲಿಂದ ಬರಬೇಕು? ಒಡಿಶಾ ರಾಜ್ಯ ದತ್ತಿಗೆ ಕಾಯದೆ ತನ್ನ ಪಟ್ಟಣಗಳಲ್ಲಿ ಇಂಥ ನೂರಕ್ಕೂ ಹೆಚ್ಚು ಸ್ಥಾವರಗಳನ್ನು ಕಟ್ಟಿಸಿತು. ಹಲವನ್ನು ನಡೆಸಲು ಮಹಿಳಾ ಸ್ವಸಹಾಯ ಸಂಘಗಳಿಗೆ ಒಪ್ಪಿಸಿತು. 2021ರಲ್ಲಿ ಕೇಂದ್ರ ಸರ್ಕಾರ ಸ್ವಚ್ಛ ಭಾರತದ ಎರಡನೆಯ ಘಟ್ಟವನ್ನು ನಗರಗಳಿಗೆಂದು ಆರಂಭಿಸಿದಾಗ 1,41,600 ಕೋಟಿ ರೂಪಾಯಿಯ ಅಂದಾಜು ಹಾಕಿತು. ಕಸದ ಜೊತೆಗೆ, ಲಕ್ಷಕ್ಕಿಂತ ಕಡಿಮೆ ಜನರಿರುವ ಪಟ್ಟಣಗಳ ಕೊಳಚೆ ನೀರೂ ಅದೇ ಯೋಜನೆಯಲ್ಲಿ ಸೇರಿತು. ಎರಡನ್ನೂ ಒಂದೇ ಚೀಲದಲ್ಲಿಟ್ಟದ್ದು ನನಗೆ ಬಹಳ ಸರಿಯೆನಿಸಿತು.

ಕಟ್ಟುವುದಕ್ಕೆ ಹಣ ಹೇಗೋ ಸಿಕ್ಕೀತು. ಉದ್ಘಾಟನೆಗೆ ಹಾರ ತುರಾಯಿಗಳೂ ಸಿಕ್ಕಾವು. ಮೂರನೆಯ ವರ್ಷ ಪಾತಿಯ ಮರಳನ್ನು ಬದಲಿಸಲು, ಕೆಲಸಗಾರನಿಗೆ ತಿಂಗಳ ಸಂಬಳ ಕೊಡಲು, ನೀರಿನ ಪರೀಕ್ಷೆಗೆ ಹಣವೆಲ್ಲಿ? ಅದನ್ನು ಮರೆತು ಕಟ್ಟಡ ಮಾತ್ರ ಎಬ್ಬಿಸುವುದಕ್ಕೆ ಕನ್ನಡದಲ್ಲಿ ಒಳ್ಳೆಯ ಮಾತಿದೆ, ತಿಪ್ಪೆ ಸಾರಿಸುವುದು. ನಮ್ಮ ಶಾಸನಗಳನ್ನು ಓದಿದವರಿಗೆ ಕೆರೆಗೊಡಗೆ ಎಂಬ ಶಬ್ದ ಪರಿಚಿತ. ಕೆರೆಯನ್ನು ಕಟ್ಟಿಸಿದವನಿಗೂ ಮುಂದೆ ಅದನ್ನು ನೋಡಿಕೊಳ್ಳುವವನಿಗೂ ಬಿಟ್ಟ ಭೂಮಿ ಅದು. ಹೂಳೆತ್ತುವ ಬಂಡಿಗೂ ಅದರ ಎತ್ತುಗಳಿಗೂ ದತ್ತಿ ಬಿಟ್ಟ ಶಾಸನಗಳುಂಟು. ಎತ್ತಿನ ಹುಲ್ಲಿನವರೆಗೆ ಯೋಚಿಸಿದವರು ಅವರು. ನಮ್ಮ ಪುರಸಭೆಗಳ ಆಯವ್ಯಯದಲ್ಲಿ ಆ ಹುಲ್ಲಿನ ಬಾಬತ್ತು ಎಷ್ಟಿದೆಯೆಂದು ತಾವೇ ಒಮ್ಮೆ ಕೇಳಿ ನೋಡಿ. ಕೇಳುವ ಹಕ್ಕು ತೆರಿಗೆ ಕಟ್ಟುವ ಪ್ರತಿ ಮನೆಗೂ ಇದೆ.

ನಿರ್ವಹಣೆ ತಪ್ಪಿದರೆ ಅದರ ಫಲವನ್ನು ಉಣ್ಣುವವರು ನಾನೂ ಅಲ್ಲ, ತಾವೂ ಅಲ್ಲ. ತಲೆಯ ಮೇಲೆ ಮಲ ಹೊರುವ ಹೀನ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ನಿಷೇಧಿಸಿದರು. 2013ರಲ್ಲಿ ಇಡೀ ದೇಶಕ್ಕೆ ಮತ್ತಷ್ಟು ಕಠಿಣವಾದ ಕಾನೂನು ಬಂದಿತು. ಆದರೂ ಯಂತ್ರ ಕೆಟ್ಟಾಗ, ಕೊಳವೆ ಕಟ್ಟಿದಾಗ, ವಿಷವಾಯು ತುಂಬಿದ ಗುಂಡಿಗೆ ಮನುಷ್ಯನನ್ನೇ ಇಳಿಸಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದುತ್ತಲೇ ಇದ್ದೇವೆ. ಸ್ಥಾವರದ ದುರಸ್ತಿಗೆ ಇಡದೆ ಉಳಿಸಿದ ಹಣದ ಬೆಲೆಯನ್ನು ಅವನು ತೆರುತ್ತಾನೆ.

ಆ ಕೊನೆಯ ಬೆಂಚಿನ ಹುಡುಗ ಮಾರನೆಯ ವಾರ ತಾನಾಗಿ ಬಳಿಗೆ ಬಂದ. ಮನೆಯಲ್ಲಿ ವಿಚಾರಿಸಿದನಂತೆ. ಲಾರಿ ಕೊನೆಗೆ ಯಾವಾಗ ಬಂದಿತ್ತೆಂದು ತಂದೆಗೆ ನೆನಪಿಲ್ಲ. ಗುಂಡಿಯ ಮುಚ್ಚಳ ಎಲ್ಲಿದೆಯೆಂಬುದು ತಾಯಿಗೂ ತಿಳಿಯದು. ಹಿಂದಿನ ವರ್ಷ ಅಂಗಳಕ್ಕೆಲ್ಲ ಟೈಲ್ಸ್ ಹಾಸಿಬಿಟ್ಟಿದ್ದಾರೆ.